ಓದುಗರ ಪ್ರಶ್ನೆ, ನಮ್ಮ ಉತ್ತರ: ಕೈ ಬಿಸಿ ಮಾಡಿದರೆ ಕಡತ ಓಡುತ್ತದೆಯೇ?

ಕಳೆದ ಸಂಚಿಕೆಯ ಈ ಅಂಕಣದಲ್ಲಿ, 1989ರಲ್ಲಿ ಬರ್ಲಿನ್ ಗೋಡೆ ಬಿದ್ದ ಮೇಲೆ ಕಮ್ಯುನಿಸ್ಟ್ ಆಡಳಿತವನ್ನು ಕಳಚಿಕೊಂಡ ದೇಶಗಳ ಆರ್ಥಿಕ ಸ್ಥಿತಿಗತಿಯನ್ನು ಕುರಿತು ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊರಟರೂ ಪೋಲೆಂಡ್, ಎಸ್ಟೋನಿಯಾದಂಥವು ಮುಂದೆ ಸಾಗಿದವು, ಉಕ್ರೇನ್, ಮಾಲ್ಡೋವಾದಂಥವು ಹಿಂದೆ ಉಳಿದವು. ಈ ಅಂತರಕ್ಕೆ ಭ್ರಷ್ಟಾಚಾರವೂ ಅದಕ್ಕೆ ಮೂಗುದಾರ ಹಾಕಬಲ್ಲ ಸಂಸ್ಥೆಗಳ ಕೊರತೆಯೂ ಬಹುದೊಡ್ಡ ಕಾರಣ ಎಂದಿದ್ದೆ. ಮುಂಬಯಿ, ಠಾಣೆ, ನವಿ ಮುಂಬಯಿಯ ಓದುಗರಿಂದ ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಕೆಲವರು ಒಪ್ಪಿದ್ದಾರೆ, ಕೆಲವರು ಜಗಳ ತೆಗೆದಿದ್ದಾರೆ. ಜಗಳ ತೆಗೆದವರಿಗೆ ಮೊದಲ ಮಣೆ.

ಪ್ರಶ್ನೆ: ನಲವತ್ತು ವರ್ಷಗಳಿಂದ ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಿದ್ದೇನೆ. ಒಂದು ಪರವಾನಗಿಯ ನವೀಕರಣಕ್ಕೆ ಕೈ ಬಿಸಿ ಮಾಡಿದರೆ ನಾಲ್ಕು ದಿನ, ಮಾಡದಿದ್ದರೆ ನಾಲ್ಕು ತಿಂಗಳು. ನಾಲ್ಕು ತಿಂಗಳು ಕಾಯುವ ನಷ್ಟಕ್ಕಿಂತ ಕೊಡುವ ದುಡ್ಡು ಕಡಿಮೆ. ಹಾಗಿರುವಾಗ ಲಂಚದಿಂದ ಆರ್ಥಿಕ ಬೆಳವಣಿಗೆ ಕುಂಠಿತವಾಗುತ್ತದೆ ಎನ್ನುವ ನಿಮ್ಮ ಮಾತು ಪುಸ್ತಕದ ಬದನೆಕಾಯಿಯಲ್ಲವೇ?
(ಹೋಟೆಲ್ ಉದ್ಯಮಿ, ಭಾಂಡುಪ್)

ಉತ್ತರ: ನಿಮ್ಮ ಅನುಭವವನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಈ ಊರಿನಲ್ಲಿ ಹೋಟೆಲ್ ಕಟ್ಟಿದ ಹಿರಿಯರ ಬಾಯಿಂದ ಈ ಲೆಕ್ಕವನ್ನು ಹಲವು ಸಲ ಕೇಳಿದ್ದೇನೆ. ನಿಮ್ಮ ವಾದಕ್ಕೆ ಪಂಡಿತರ ಬೆಂಬಲವೂ ಒಂದು ಕಾಲದಲ್ಲಿ ಇತ್ತು. 1960ರ ದಶಕದಲ್ಲಿ ನಥೇನಿಯಲ್ ಲೆಫ್, ಸ್ಯಾಮ್ಯುಯೆಲ್ ಹಂಟಿಂಗ್ಟನ್ ಎಂಬ ಅಮೆರಿಕದ ವಿದ್ವಾಂಸರು, ಜಡವಾದ ಸರ್ಕಾರಿ ಬಂಡಿಗೆ ಲಂಚವು ಕೀಲೆಣ್ಣೆಯಾಗಬಲ್ಲದು ಎಂದು ವಾದಿಸಿದ್ದರು.

ಆದರೆ ಈ ವಾದವು ನಿಯಮ ಮತ್ತು ವಿಳಂಬಗಳನ್ನು ಮಳೆ-ಬಿಸಿಲಿನಂತೆ ತಾನಾಗಿ ಬಂದದ್ದೆಂದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ವಾಸ್ತವದಲ್ಲಿ ಆ ನಾಲ್ಕು ತಿಂಗಳು ಹುಟ್ಟಿಕೊಂಡದ್ದೇ ನಾಲ್ಕು ದಿನಕ್ಕೆ ಬೆಲೆ ಬರಲೆಂದು. ಕೀಲಿಗೆ ಮರಳು ಸುರಿಯುವವನೇ ಪಕ್ಕದಲ್ಲಿ ಎಣ್ಣೆಯ ಅಂಗಡಿಯನ್ನೂ ಇಟ್ಟಿದ್ದರೆ, ವ್ಯಾಪಾರ ಚೆನ್ನಾಗಿ ನಡೆದಷ್ಟೂ ಅವನು ಮರಳನ್ನು ಹೆಚ್ಚಿಸುತ್ತಾನೆ. 1990ರ ದಶಕದ ಕೊನೆಯಲ್ಲಿ ಡೇನಿಯಲ್ ಕಾಫ್‌ಮನ್ ಮತ್ತು ಶಾಂಗ್-ಜಿನ್ ವೇ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಉದ್ದಿಮೆದಾರರ ಸಮೀಕ್ಷೆಗಳನ್ನು ಪರಿಶೀಲಿಸಿದಾಗ ಕಂಡದ್ದೂ ಇದೇ: ಹೆಚ್ಚು ಲಂಚ ಕೊಡುವ ಉದ್ದಿಮೆಯವರು ಅಧಿಕಾರಿಗಳ ಜೊತೆ ಕಳೆಯುವ ಸಮಯ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಕೊಡುವ ಗಿರಾಕಿಯ ಗುರುತು ಸಿಕ್ಕಿದ ಮೇಲೆ ಅವನನ್ನು ಬೇಗ ಬಿಟ್ಟುಕೊಡುವ ಮೂರ್ಖ ಯಾರು?

ಕಮ್ಯುನಿಸಂ ಕಳಚಿದ ದೇಶಗಳು ಇದಕ್ಕೆ ಇನ್ನೊಂದು ತಿರುವನ್ನು ಸೇರಿಸಿದವು. ಸೋವಿಯತ್ ಕಾಲದಲ್ಲಿ ಅಲ್ಲಿ ಭ್ರಷ್ಟಾಚಾರ ಇರಲಿಲ್ಲವೆಂದಲ್ಲ. 'ಬ್ಲಾತ್' ಎಂಬ ರಷ್ಯನ್ ಮಾತಿಗೆ ನಮ್ಮ 'ವಶೀಲಿ'ಗಿಂತ ಸರಿಯಾದ ಅನುವಾದ ಬೇರೆ ಭಾಷೆಯಲ್ಲಿ ಸಿಗುವುದು ಕಷ್ಟ. ಆದರೆ ಆಗ ಪಕ್ಷ ಒಂದೇ, ಯಜಮಾನಿಕೆ ಒಂದೇ ಆದ್ದರಿಂದ ಸಲ್ಲಬೇಕಾದಲ್ಲಿ ಸಂದರೆ ಕೆಲಸ ಆಗುತ್ತಿತ್ತು. 1991ರ ಡಿಸೆಂಬರಿನಲ್ಲಿ ಒಕ್ಕೂಟವೇ ಮುರಿದುಬಿದ್ದ ಮೇಲೆ ಅಗ್ನಿಶಾಮಕದವನು, ಆರೋಗ್ಯ ಇಲಾಖೆಯವನು, ತೆರಿಗೆಯವನು, ಪೊಲೀಸಿನವನು, ನಗರಾಡಳಿತದವನು ತಮ್ಮ ತಮ್ಮ ಗೇಟು ಹಾಕಿಕೊಂಡು ಬೇರೆಬೇರೆಯಾಗಿ ಸುಂಕ ಎತ್ತತೊಡಗಿದರು. ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದರ ಮೇಲೆ 'ಕ್ರಿಶಾ' ಎಂಬುದೊಂದು. ಅದರ ಅರ್ಥ ಸೂರು, ನಮ್ಮ ಕರಾವಳಿಯವರ 'ಮಾಡು'. ವ್ಯವಹಾರದಲ್ಲಿ ಅದು ಗೂಂಡಾಗಳಿಗೋ ಗೂಂಡಾಗಳಂತೆ ನಡೆದುಕೊಳ್ಳುವ ಅಧಿಕಾರಿಗಳಿಗೋ ಕೊಡುವ ರಕ್ಷಣೆಯ ಹಫ್ತಾ. ಆಂದ್ರೇ ಶ್ಲೈಫರ್ ಮತ್ತು ರಾಬರ್ಟ್ ವಿಶ್ನಿ 1993ರಲ್ಲಿ ತೋರಿಸಿಕೊಟ್ಟಂತೆ, ಒಬ್ಬನೇ ಯಜಮಾನನ ಲಂಚಕ್ಕಿಂತ ಹತ್ತು ಜನರ ಹೊಂದಾಣಿಕೆಯಿಲ್ಲದ ಲಂಚ ಹೆಚ್ಚು ಹಾನಿಕರ, ಏಕೆಂದರೆ ಹತ್ತನೆಯವನು ತನ್ನ ಪಾಲು ಕೇಳುವ ಹೊತ್ತಿಗೆ ವ್ಯಾಪಾರವೇ ಮುಚ್ಚಿಹೋದರೂ ಅವನಿಗೆ ಚಿಂತೆಯಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ ನೀವೇ ಬರೆದ ಒಂದು ವಾಕ್ಯವನ್ನು ನಿಮಗೇ ಮರಳಿ ತೋರಿಸುತ್ತೇನೆ. ಎರಡನೆಯ ಹೋಟೆಲ್ ತೆರೆಯುವ ಶಕ್ತಿಯಿದ್ದರೂ 'ಇನ್ನಷ್ಟು ಜನರ ಕಣ್ಣಿಗೆ ಬೀಳುವುದು ಬೇಡ' ಎಂದು ಸುಮ್ಮನಾದೆ ಎಂದಿದ್ದೀರಿ. ತೆರೆಯದ ಆ ಹೋಟೆಲ್, ಅಲ್ಲಿ ಸಿಗದೆ ಹೋದ ಇಪ್ಪತ್ತು ಜನರ ಕೆಲಸ, ನಿಮ್ಮ ಲಾಭ-ನಷ್ಟದ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಭ್ರಷ್ಟಾಚಾರ ಹೆಚ್ಚಿರುವ ದೇಶಗಳಲ್ಲಿ ಹೂಡಿಕೆ ಕಡಿಮೆ ಎಂದು ಪಾವ್ಲೋ ಮೌರೋ 1995ರಲ್ಲಿ ಅಂಕಿಅಂಶಗಳಿಂದ ಹೇಳಿದ್ದು ಇಂಥ ಹೋಟೆಲ್‌ಗಳನ್ನು ಕುರಿತೇ.

ಪ್ರಶ್ನೆ: 1990ರಲ್ಲಿ ಪೋಲೆಂಡ್ ಮತ್ತು ಉಕ್ರೇನ್ ಒಂದೇ ಮಟ್ಟದಲ್ಲಿದ್ದವು ಎಂದು ಬರೆದಿದ್ದೀರಿ. ಇಬ್ಬರೂ ಸ್ಲಾವ್ ಜನ, ಅಕ್ಕಪಕ್ಕದ ದೇಶ, ಹಿಂದಿನ ವ್ಯವಸ್ಥೆಯೂ ಒಂದೇ. ಒಬ್ಬರು ಪ್ರಾಮಾಣಿಕರು, ಇನ್ನೊಬ್ಬರು ಕಳ್ಳರು ಎಂದು ಹೇಳಲು ಹೊರಟಿದ್ದೀರೇ?
(ನಿವೃತ್ತ ಶಿಕ್ಷಕರು, ಡೊಂಬಿವಲಿ)

ಉತ್ತರ: ಖಂಡಿತ ಇಲ್ಲ. ಜನರ ಸ್ವಭಾವದಿಂದ ಭ್ರಷ್ಟಾಚಾರವನ್ನು ವಿವರಿಸುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ; ನಮ್ಮನ್ನು ಕುರಿತು ಬ್ರಿಟಿಷರು ಹೇಳುತ್ತಿದ್ದದ್ದೂ ಅದನ್ನೇ. ಆದರೆ 1990ರ ಆಸುಪಾಸಿನಲ್ಲಿ ತಲಾ ಆದಾಯದಲ್ಲಿ ಬಹುಮಟ್ಟಿಗೆ ಸಮಾನವಾಗಿದ್ದ ಈ ಎರಡು ದೇಶಗಳಲ್ಲಿ, ರಷ್ಯಾದೊಂದಿಗಿನ ಯುದ್ಧ ಆರಂಭವಾಗುವುದಕ್ಕೂ ಮುಂಚೆಯೇ, 2013ರ ಹೊತ್ತಿಗೆ ಪೋಲೆಂಡಿನ ಆದಾಯ ಉಕ್ರೇನಿನದಕ್ಕಿಂತ ಎರಡೂವರೆ ಪಟ್ಟು ಮೀರಿತ್ತು ಎಂಬುದಕ್ಕೆ ಕಾರಣ ಹುಡುಕಲೇಬೇಕಲ್ಲ.

ಹಣಕಾಸು ಸಚಿವ ಲೆಷೆಕ್ ಬಾಲ್ಸೆರೋವಿಚ್ ಅವರ ಯೋಜನೆಯಂತೆ ಪೋಲೆಂಡ್ 1990ರ ಜನವರಿ 1ರಂದು ಹೆಚ್ಚಿನ ಬೆಲೆಗಳ ಮೇಲಿನ ನಿಯಂತ್ರಣವನ್ನು ಒಮ್ಮೆಲೇ ತೆಗೆಯಿತು, ಆಮದು-ರಫ್ತನ್ನು ಮುಕ್ತಗೊಳಿಸಿತು. ಎರಡು ವರ್ಷ ಜನ ಬಹಳ ಬವಣೆ ಪಟ್ಟರು, ನಿರುದ್ಯೋಗ ಏರಿತು. 1992ರಿಂದ ಬೆಳವಣಿಗೆ ಮರಳಿತು. ರಷ್ಯಾ 1992ರ ಜನವರಿ 2ರಂದು ಅದೇ ಮಾರ್ಗ ಹಿಡಿದರೂ ತೈಲ, ಅನಿಲದ ಬೆಲೆಗಳನ್ನು ಮಾತ್ರ ಹಿಡಿದಿಟ್ಟುಕೊಂಡಿತು. ಉಕ್ರೇನ್ ಇನ್ನೂ ಹೆಚ್ಚು ಹಿಡಿದಿಟ್ಟುಕೊಂಡಿತು. ಮೇಲುನೋಟಕ್ಕೆ ಇದು ಬಡವರ ಮೇಲಿನ ಕನಿಕರ. ಪರಿಣಾಮ ಏನಾಯಿತೆಂದರೆ, 1992ರ ವಸಂತದಲ್ಲಿ ರಷ್ಯಾದೊಳಗಿನ ತೈಲದ ಸರ್ಕಾರಿ ಬೆಲೆ ವಿಶ್ವ ಮಾರುಕಟ್ಟೆಯ ಬೆಲೆಯ ನೂರನೆಯ ಒಂದು ಪಾಲಿಗೆ ಇಳಿದಿತ್ತು. ರಫ್ತು ಪರವಾನಗಿಯ ಒಂದು ಹಾಳೆ ಯಾರ ಕೈಯಲ್ಲಿದೆಯೋ ಅವರು ಒಂದು ರೂಪಾಯಿಗೆ ಕೊಂಡು ನೂರು ರೂಪಾಯಿಗೆ ಮಾರಬಹುದಿತ್ತು. ರೇಷನ್ ಅಂಗಡಿಯ ಸೀಮೆಎಣ್ಣೆ ಹಿಂಬಾಗಿಲಿನಿಂದ ಕಾಳಸಂತೆಗೆ ಹೋಗುತ್ತಿದ್ದ ದಿನಗಳನ್ನು ನೀವು ಕಂಡವರು. ಅದನ್ನೇ ಒಂದು ಇಡೀ ದೇಶದ ತೈಲದ ಗಾತ್ರಕ್ಕೆ ಹಿಗ್ಗಿಸಿ ನೋಡಿ.

ಈ ದುಡ್ಡು ಮಾಡಿದವರು ಮುಂದೆ ಏನು ಮಾಡಿದರು ಎಂಬಲ್ಲಿದೆ ನಿಜವಾದ ಪಾಠ. ಸುಧಾರಣೆಯನ್ನು ಅದರಿಂದ ನೊಂದ ಪಿಂಚಣಿದಾರರು, ಕಾರ್ಮಿಕರು ವಿರೋಧಿಸುತ್ತಾರೆಂದು ಎಲ್ಲರೂ ಭಾವಿಸಿದ್ದರು. ಜೋಯೆಲ್ ಹೆಲ್‌ಮನ್ 1998ರಲ್ಲಿ ಇದನ್ನು ತಲೆಕೆಳಗು ಮಾಡಿ ತೋರಿಸಿದರು: ಸುಧಾರಣೆಯನ್ನು ಅರ್ಧಕ್ಕೆ ನಿಲ್ಲಿಸಿದವರು ಸೋತವರಲ್ಲ, ಮೊದಲ ಸುತ್ತಿನಲ್ಲಿ ಗೆದ್ದವರು. ಬೆಲೆಗಳ ನಡುವಿನ ಬಿರುಕು ಮುಚ್ಚಿಹೋದರೆ ತಮ್ಮ ಸಂಪಾದನೆ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಅವರು ಕಾನೂನು ಮುರಿಯಲು ಲಂಚ ಕೊಡುವ ಹಂತವನ್ನು ದಾಟಿ, ಕಾನೂನನ್ನೇ ತಮಗೆ ಬೇಕಾದಂತೆ ಬರೆಸಲು ಕೊಡತೊಡಗಿದರು. ನೀವು ಆರ್‌ಟಿಓ ಏಜೆಂಟನಿಗೆ ಕೊಡುವ ದುಡ್ಡಿಗೂ ಸಂಸತ್ತಿನಲ್ಲಿ ಒಂದು ಕಲಮನ್ನು ಸೇರಿಸಲು ಕೊಡುವ ದುಡ್ಡಿಗೂ ಹೆಸರು ಒಂದೇ ಆದರೂ ಜಾತಿ ಬೇರೆ. ಎರಡನೆಯದನ್ನು ಸರ್ಕಾರದ ಕಬಳಿಕೆ ಎನ್ನಬಹುದು. ಮೊದಲನೆಯದರಲ್ಲಿ ಅಧಿಕಾರಿ ಉದ್ಯಮಿಯನ್ನು ಹಿಂಡುತ್ತಾನೆ. ಎರಡನೆಯದರಲ್ಲಿ ಉದ್ಯಮಿ ಸರ್ಕಾರವನ್ನು ಜೇಬಿಗೆ ಹಾಕಿಕೊಂಡು, ತನ್ನ ಪೈಪೋಟಿಯವರ ಬಾಗಿಲಿಗೆ ಬೀಗ ಹಾಕಿಸುತ್ತಾನೆ. ಅವನ ಕಂಪೆನಿ ಬೆಳೆಯುತ್ತದೆ, ದೇಶ ಬೆಳೆಯುವುದಿಲ್ಲ.

ಉಕ್ರೇನಿನ ಒಂದೇ ಉದಾಹರಣೆ ಸಾಕು, ಅದೂ ಭಾರತೀಯರಿಗೆ ಹತ್ತಿರದ್ದು. ಕ್ರಿವೊರಿಝ್‌ಸ್ತಾಲ್ ಆ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆ. 2004ರಲ್ಲಿ ಅದನ್ನು ಸುಮಾರು 80 ಕೋಟಿ ಡಾಲರಿಗೆ ಮಾರಲಾಯಿತು. ಕೊಂಡ ಕೂಟದಲ್ಲಿ ಅಧ್ಯಕ್ಷ ಲಿಯೊನಿದ್ ಕುಚ್ಮಾ ಅವರ ಅಳಿಯ ವಿಕ್ತರ್ ಪಿಂಚುಕ್ ಇದ್ದರು, ಹೆಚ್ಚು ಬೆಲೆ ಕೊಡಲು ಬಂದಿದ್ದ ವಿದೇಶಿ ಕಂಪೆನಿಗಳನ್ನು ಹೊರಗಿಡಲಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಕಿತ್ತಳೆ ಕ್ರಾಂತಿಯೆಂದು ಹೆಸರಾದ ಚಳವಳಿ ನಡೆದು ಸರ್ಕಾರ ಬದಲಾಯಿತು, ಮಾರಾಟ ರದ್ದಾಯಿತು. 2005ರ ಅಕ್ಟೋಬರಿನಲ್ಲಿ ಟಿವಿಯಲ್ಲಿ ನೇರ ಪ್ರಸಾರವಾಗುತ್ತಿದ್ದಂತೆ ಮರುಹರಾಜು ನಡೆಯಿತು. ಲಕ್ಷ್ಮೀ ಮಿತ್ತಲ್ ಅವರ ಕಂಪೆನಿ ಅದನ್ನು 480 ಕೋಟಿ ಡಾಲರಿಗೆ ಕೊಂಡಿತು. ಕಾರ್ಖಾನೆ ಅದೇ, ಕುಲುಮೆಗಳು ಅವೇ. ಒಂದು ಬೆಲೆಗೂ ಇನ್ನೊಂದು ಬೆಲೆಗೂ ನಡುವಿನ ಸುಮಾರು 400 ಕೋಟಿ ಡಾಲರು ಉಕ್ಕಿನ ಬೆಲೆಯ ಏರಿಳಿತವನ್ನು ಕಳೆದರೂ ಬಹುಪಾಲು ವಶೀಲಿಯ ಬೆಲೆ.

ಇಷ್ಟು ಹೇಳಿಯೂ ಎಲ್ಲವನ್ನೂ ಭ್ರಷ್ಟಾಚಾರದ ತಲೆಗೆ ಕಟ್ಟಲಾರೆ. ಪೋಲೆಂಡಿಗೆ ಜರ್ಮನಿಯ ನೆರೆಯಿತ್ತು. ಕಮ್ಯುನಿಸ್ಟ್ ಕಾಲದಲ್ಲೂ ಅಲ್ಲಿನ ಹೊಲಗಳು ಬಹುಪಾಲು ರೈತರ ಕೈಯಲ್ಲೇ ಉಳಿದಿದ್ದವು. 1991ರಲ್ಲಿ ಸಾಲ ಕೊಟ್ಟ ಸರ್ಕಾರಗಳು ಅದರ ಸಾಲದ ಅರ್ಧವನ್ನು ಮನ್ನಾ ಮಾಡಿದವು. ಎಲ್ಲಕ್ಕಿಂತ ಮಿಗಿಲಾಗಿ ಯುರೋಪಿಯನ್ ಒಕ್ಕೂಟ ಸೇರುವ ಆಸೆಯೆಂಬ ಗಾಳವಿತ್ತು. ಸ್ವತಂತ್ರ ನ್ಯಾಯಾಲಯ, ಪೈಪೋಟಿಯ ಕಾನೂನು, ಟೆಂಡರಿನ ನಿಯಮ ಇವೆಲ್ಲ ಇದ್ದರಷ್ಟೇ ಪ್ರವೇಶ ಎಂದು ಒಕ್ಕೂಟ ಹೇಳಿದ್ದರಿಂದ, ಯಾವ ಪಕ್ಷದ ಸರ್ಕಾರ ಬಂದರೂ ಆ ಕಡತ ಮುಂದೆ ಹೋಗುತ್ತಲೇ ಇತ್ತು. 2004ರ ಮೇ 1ರಂದು ಪೋಲೆಂಡ್ ಸೇರಿ ಎಂಟು ಮಾಜಿ ಕಮ್ಯುನಿಸ್ಟ್ ದೇಶಗಳು ಒಳಗೆ ಹೋದವು. ಒಳಗೆ ಹೋದ ಮೇಲೆ ಬಿಗಿ ಸಡಿಲವಾಯಿತು ಎಂಬುದೂ ನಿಜ. ಹಂಗೇರಿಯ ಟೆಂಡರುಗಳ ನಡವಳಿಕೆಯನ್ನು ಆಕ್ಷೇಪಿಸಿ 2022ರ ಡಿಸೆಂಬರಿನಲ್ಲಿ ಒಕ್ಕೂಟವು 630 ಕೋಟಿ ಯೂರೋ ಅನುದಾನವನ್ನು ತಡೆಹಿಡಿಯಬೇಕಾಯಿತು.

ಉಕ್ರೇನಿಗೆ ಅಂಥ ಭರವಸೆ ಬಹುಕಾಲ ಸಿಗಲಿಲ್ಲ. 2014ರ ನಂತರವಷ್ಟೇ ಅಲ್ಲಿ ಭ್ರಷ್ಟಾಚಾರ ತನಿಖೆಗೆ ಪ್ರತ್ಯೇಕ ಬ್ಯೂರೋ, ಎಲ್ಲರೂ ನೋಡಬಹುದಾದ ಪ್ರೊಝೊರೊ ಎಂಬ ಟೆಂಡರು ವ್ಯವಸ್ಥೆ, 2019ರಲ್ಲಿ ವಿಶೇಷ ನ್ಯಾಯಾಲಯ ಬಂದವು. 2025ರ ಜುಲೈನಲ್ಲಿ ಆ ಬ್ಯೂರೋದ ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ಮಾಡಿದಾಗ, ಯುದ್ಧದ ನಡುವೆಯೂ ಜನ ಬೀದಿಗಿಳಿದರು. ಹತ್ತೇ ದಿನದೊಳಗೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಕಳ್ಳರ ದೇಶದಲ್ಲಿ ಹೀಗಾಗುತ್ತಿರಲಿಲ್ಲ, ಮೇಷ್ಟ್ರೇ.

ಪ್ರಶ್ನೆ: 1992ರಲ್ಲಿ ಷೇರುಪೇಟೆಯಲ್ಲಿ ಕೈ ಸುಟ್ಟುಕೊಂಡವನು ನಾನು. ರಷ್ಯಾದಲ್ಲಿ ಅದೇ ವರ್ಷ ಸರ್ಕಾರಿ ಕಾರ್ಖಾನೆಗಳ ಪಾಲನ್ನು ಪ್ರತಿಯೊಬ್ಬ ಪ್ರಜೆಗೂ ಹಂಚಿದರು ಎಂದು ಓದಿದ್ದೇನೆ. ಅದಕ್ಕಿಂತ ನ್ಯಾಯವಾದ ದಾರಿ ಯಾವುದಿತ್ತು? ಆದರೂ ಅದು ಏಕೆ ಕೆಟ್ಟಿತು?
(ನಿವೃತ್ತ ಬ್ಯಾಂಕ್ ನೌಕರರು, ಮಾಟುಂಗ)

ಉತ್ತರ: ಹಂಚಿದ್ದು ನ್ಯಾಯವಾಗಿಯೇ. 1992ರ ಅಕ್ಟೋಬರಿನಿಂದ ಮಗುವಿನಿಂದ ಮುದುಕರವರೆಗೆ ಪ್ರತಿಯೊಬ್ಬರಿಗೂ 10,000 ರೂಬಲ್ ಮುಖಬೆಲೆಯ ಒಂದು ವೌಚರು, ಅಂದರೆ ಕಾರ್ಖಾನೆಯ ಷೇರಿಗೆ ಬದಲಾಯಿಸಿಕೊಳ್ಳಬಹುದಾದ ಚೀಟಿ. ಒಂದು ವೌಚರಿನ ಬೆಲೆ ಎರಡು ವೋಲ್ಗಾ ಕಾರುಗಳಷ್ಟಾಗುತ್ತದೆ ಎಂದು ಆ ಯೋಜನೆಯ ಹೊಣೆ ಹೊತ್ತಿದ್ದ ಅನತೋಲಿ ಚುಬಾಯ್ಸ್ ಹೇಳಿದ ಮಾತು ಇಂದಿಗೂ ರಷ್ಯನ್ನರ ಕಹಿ ನಗೆಗೆ ವಸ್ತು. ಆ ವರ್ಷ ಬೆಲೆಗಳು ಇಪ್ಪತ್ತು ಪಟ್ಟಿಗೂ ಹೆಚ್ಚು ಏರಿದ್ದವು. ಹೊಟ್ಟೆಗಿಲ್ಲದ ಜನ ವೌಚರನ್ನು ಬೀದಿಯಲ್ಲಿ ಕೆಲವು ಬಾಟಲಿ ವೋಡ್ಕಾದ ಬೆಲೆಗೆ ಮಾರಿಕೊಂಡರು. ಕೊಂಡವರು ಕಾರ್ಖಾನೆಯ ನಿರ್ದೇಶಕರು ಮತ್ತು ದುಡ್ಡಿದ್ದ ದಲ್ಲಾಳಿಗಳು.

ಆದರೆ ನಿಮ್ಮಂಥ ಷೇರುದಾರರಿಗೆ ಅರ್ಥವಾಗುವ ತೊಂದರೆ ಇನ್ನೊಂದಿದೆ. 1990ರ ದಶಕದ ಆರಂಭದಲ್ಲಿ ನಮ್ಮಲ್ಲಿ ಷೇರು ಎಂದರೆ ಕಾಗದ. ವರ್ಗಾವಣೆ ಅರ್ಜಿಯ ಸಹಿ ಹೊಂದುವುದಿಲ್ಲವೆಂದು ಆರು ತಿಂಗಳ ನಂತರ ಮರಳಿ ಬರುತ್ತಿತ್ತು, ಖೋಟಾ ಪತ್ರಗಳ ಕಾಟ ಬೇರೆ. ಆದರೂ ಹೆಸರಿನ ದಾಖಲೆಗೆ ಒಂದು ಕಾನೂನು, ಮೊರೆಯಿಡಲು ಒಂದು ನ್ಯಾಯಾಲಯ ಇತ್ತು. ರಷ್ಯಾದಲ್ಲಿ ಷೇರುದಾರರ ಪುಸ್ತಕ ಬಹುಪಾಲು ಕಂಪೆನಿಯ ಕಪಾಟಿನಲ್ಲೇ ಇರುತ್ತಿತ್ತು. ಕ್ರಾಸ್ನೊಯಾರ್ಸ್ಕ್‌ನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ 1994ರಲ್ಲಿ ಬೇಡವಾದ ಷೇರುದಾರರ ಹೆಸರನ್ನು ಆ ಪುಸ್ತಕದಿಂದ ಅಳಿಸಿಯೇಬಿಟ್ಟರು. ಹಿಂದಿನ ದಿನದವರೆಗೆ ಮಾಲೀಕ, ಮರುದಿನ ದಾರಿಹೋಕ.

ಜೆಕ್ ದೇಶದವರೂ ಇಂಥದೇ ಕೂಪನ್ನು ಹಂಚಿದರು. ಪ್ರಧಾನಿ ವಾಕ್ಲಾವ್ ಕ್ಲೌಸ್ ಅವರಿಗೆ ಮಾರುಕಟ್ಟೆಯ ಮೇಲೆ ಎಷ್ಟು ನಂಬಿಕೆಯೆಂದರೆ, ಅದನ್ನು ಕಾಯಲು ಕಾವಲುಗಾರ ಬೇಕೆಂದು ಅವರಿಗೆ ಅನ್ನಿಸಲಿಲ್ಲ. ಜನರ ಕೂಪನ್ನುಗಳನ್ನು ಒಟ್ಟುಗೂಡಿಸಿದ ನಿಧಿಗಳು ಕಂಪೆನಿಗಳ ಹಿಡಿತ ಪಡೆದು, ಒಳಗಿನ ಆಸ್ತಿಯನ್ನು ಬೇರೆ ಕಂಪೆನಿಗಳಿಗೆ ದಾಟಿಸಿ, ಬರಿ ಸಿಪ್ಪೆಯನ್ನು ಷೇರುದಾರರಿಗೆ ಉಳಿಸಿದವು. ಇದಕ್ಕೆ ಜೆಕ್ಕರು ಇಟ್ಟ ಹೆಸರು ಸುರಂಗ ಕೊರೆಯುವುದು. ಬ್ಯಾಂಕಿನ ಗೋಡೆ ಒಡೆಯುವ ಕಳ್ಳ ಹೊರಗಿನಿಂದ ಕೊರೆಯುತ್ತಾನೆ. ಇವರು ಒಳಗೆ ಕುಳಿತು ಕೊರೆದರು.

ಪೋಲೆಂಡ್ ಈ ವಿಷಯದಲ್ಲಿ ಮಾತ್ರ ಆಮೆಯಂತೆ ನಡೆಯಿತು. ಬೆಲೆಗಳನ್ನು ಒಂದೇ ದಿನ ಬಿಡುಗಡೆ ಮಾಡಿದ ದೇಶ, ದೊಡ್ಡ ಕಾರ್ಖಾನೆಗಳ ಸಾಮೂಹಿಕ ಖಾಸಗೀಕರಣಕ್ಕೆ 1995ರವರೆಗೆ ಕಾಯಿತು. ಅದಕ್ಕಿಂತ ಮೊದಲೇ, 1991ರಲ್ಲಿ, ಷೇರುಪೇಟೆಯ ಕಾನೂನನ್ನೂ ನಿಯಂತ್ರಣ ಮಂಡಳಿಯನ್ನೂ ರಚಿಸಿತ್ತು. ಏಪ್ರಿಲ್ 16ರಂದು ವಾರ್ಸಾ ಷೇರುಪೇಟೆ ತೆರೆದಾಗ ಪಟ್ಟಿಯಲ್ಲಿದ್ದದ್ದು ಐದೇ ಕಂಪೆನಿಗಳು, ಅದೂ ಕಮ್ಯುನಿಸ್ಟ್ ಪಕ್ಷದ ಹಳೆಯ ಕೇಂದ್ರ ಕಚೇರಿಯ ಕಟ್ಟಡದಲ್ಲಿ. ನಮ್ಮಲ್ಲಿ 1992ರ ಷೇರು ಹಗರಣದ ಬಿಸಿ ತಗುಲಿದ ಮೇಲೆ ಷೇರುಪೇಟೆಯ ಕಾವಲು ಸಂಸ್ಥೆಯಾದ ಸೆಬಿಗೆ ಹಲ್ಲು ಬಂತು, 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂತು, ನಿಮ್ಮ ಷೇರುಗಳು ಕಾಗದ ಬಿಟ್ಟು ಕಂಪ್ಯೂಟರ್ ಖಾತೆಗೆ ಸೇರಿ ಡಿಮ್ಯಾಟ್ ಆದವು. ಮೊದಲು ಕಟ್ಟೆ, ಆಮೇಲೆ ನೀರು ಎಂಬ ಕ್ರಮವನ್ನು ನಾವೂ ಪಾಲಿಸಲಿಲ್ಲ. ಆದರೆ ಕಟ್ಟೆ ಕಟ್ಟಲು ಬೇಕಾದ ಕಲ್ಲುಗಳಾದರೂ ನಮ್ಮಲ್ಲಿದ್ದವು.

ರಷ್ಯಾದ ಕಥೆಯ ಕೊನೆಯ ಅಂಕ 1995ರದು. ಖಜಾನೆ ಬರಿದಾದ ಸರ್ಕಾರ, ಅತ್ಯುತ್ತಮ ಕಂಪೆನಿಗಳ ಷೇರುಗಳನ್ನು ಅಡವಿಟ್ಟು ಖಾಸಗಿ ಬ್ಯಾಂಕುಗಳಿಂದ ಸಾಲ ಪಡೆಯಿತು. ಅಡವಿನ ಹರಾಜನ್ನು ನಡೆಸಿದವರೂ ಆ ಬ್ಯಾಂಕುಗಳೇ, ಗೆದ್ದವರೂ ಅವೇ. ನೊರಿಲ್ಸ್ಕ್ ನಿಕಲ್ ಎಂಬ ಲೋಹದ ಗಣಿ ಕಂಪೆನಿಯ ಶೇಕಡ 38ರಷ್ಟು ಪಾಲು 17 ಕೋಟಿ ಡಾಲರಿಗೆ ಹೋಯಿತು. ಅದಕ್ಕಿಂತ ಹೆಚ್ಚು ಕೂಗಿದವರ ಅರ್ಜಿಯನ್ನು ಏನೋ ನೆಪ ಹೇಳಿ ತಳ್ಳಿಹಾಕಲಾಯಿತು. ಸಾಲವನ್ನು ಸರ್ಕಾರ ತೀರಿಸಲಿಲ್ಲ, ಅಡವಿಟ್ಟ ಷೇರುಗಳು ಬ್ಯಾಂಕುಗಳ ಪಾಲಾದವು. ಅದೇ ದಶಕದಲ್ಲಿ ರಷ್ಯಾದ ಗಂಡಸರ ಸರಾಸರಿ ಆಯುಸ್ಸು 1990ರ ಸುಮಾರು 64 ವರ್ಷದಿಂದ 1994ರಲ್ಲಿ 58ರ ಒಳಕ್ಕೆ ಇಳಿದಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಿಕೊಳ್ಳಿ.

ಪ್ರಶ್ನೆ: ಚೀನಾದಲ್ಲೂ ಭ್ರಷ್ಟಾಚಾರ ಇದೆ. ಅದು ಹೇಗೆ ಬೆಳೆಯಿತು?
(ಬಿ.ಕಾಂ. ವಿದ್ಯಾರ್ಥಿನಿ, ಮುಲುಂಡ್)

ಉತ್ತರ: ಎಲ್ಲ ಉಪನ್ಯಾಸಗಳಲ್ಲೂ ಕೊನೆಯ ಬೆಂಚಿನಿಂದ ಬರುವ ಪ್ರಶ್ನೆಯಿದು, ಮತ್ತು ಕೇಳತಕ್ಕದ್ದೇ. ಚೀನಾ ಕಮ್ಯುನಿಸಂ ಕಳಚಿದ ದೇಶವಲ್ಲ, ಪಕ್ಷ ಇಂದಿಗೂ ಅಧಿಕಾರದಲ್ಲಿದೆ. ಉತ್ತರದ ಅರ್ಧ ಅದರಲ್ಲೇ ಇದೆ. ಮೊದಲ ಪ್ರಶ್ನೆಯ ಉತ್ತರದಲ್ಲಿ ಹೇಳಿದ ಹತ್ತಾರು ಗೇಟುಗಳ ಬದಲು ಅಲ್ಲಿ ಯಜಮಾನ ಒಬ್ಬನೇ ಉಳಿದ. ಜಿಲ್ಲೆಯ ಪಕ್ಷದ ಮುಖ್ಯಸ್ಥನ ಬಡ್ತಿ ಬಹುಮಟ್ಟಿಗೆ ಆ ಜಿಲ್ಲೆಯ ಬೆಳವಣಿಗೆಯ ಅಂಕಿಗೆ ತಗುಲಿಕೊಂಡಿದ್ದರಿಂದ, ಅವನು ಪಾಲು ತಿಂದರೂ ಕಾರ್ಖಾನೆ ಮುಚ್ಚಿಹೋಗುವಷ್ಟು ತಿನ್ನುತ್ತಿರಲಿಲ್ಲ. ಹಸುವಿನ ಹಾಲು ಕರೆಯುವವನಿಗೂ ಹಸುವನ್ನೇ ಕಡಿಯುವವನಿಗೂ ಇರುವ ವ್ಯತ್ಯಾಸವಿದು. ಆದರೆ ಇದನ್ನು ಲಂಚದಿಂದ ಬಂದ ಬೆಳವಣಿಗೆ ಎನ್ನಬೇಡ, ಮಗಳೇ. 1978ರ ನಂತರ ರೈತರಿಗೆ ಭೂಮಿಯ ಬಳಕೆಯ ಹಕ್ಕು ಸಿಕ್ಕಿದ್ದು, ಕರಾವಳಿಯಲ್ಲಿ ವಿಶೇಷ ವಲಯಗಳು ತೆರೆದದ್ದು, ಕೋಟ್ಯಂತರ ಜನ ಹೊಲದಿಂದ ಕಾರ್ಖಾನೆಗೆ ಬಂದದ್ದು ಬೆಳವಣಿಗೆಯ ಮೂಲ. ಲಂಚಕ್ಕೆ ತೆರಬೇಕಾದ ಬೆಲೆ ಬೇರೆ ರೂಪದಲ್ಲಿ ಬಂತು: ಜನರಿಲ್ಲದ ಬಡಾವಣೆಗಳು, ತೀರಿಸಲಾಗದ ಸ್ಥಳೀಯ ಸಾಲಗಳು. ಅಲ್ಲಿನ ಪಕ್ಷಕ್ಕೇ ಅದು ಅಪಾಯವೆನ್ನಿಸಿದ್ದಕ್ಕೆ ಸಾಕ್ಷಿ, ಪಕ್ಷದ ಅತ್ಯುನ್ನತ ಕೂಟವಾದ ಪಾಲಿಟ್‌ಬ್ಯೂರೋದ ಸ್ಥಾಯೀ ಸಮಿತಿಯಲ್ಲಿದ್ದ ಜೋ ಯೋಂಗ್‌ಕಾಂಗ್ ಅವರಿಗೇ 2015ರಲ್ಲಿ ಜೀವಾವಧಿ ಶಿಕ್ಷೆಯಾದದ್ದು.

ಪ್ರಶ್ನೆ: ಇಡೀ ಇಲಾಖೆಯನ್ನೇ ಒಂದು ದಿನ ಮನೆಗೆ ಕಳಿಸಿ ಹೊಸಬರನ್ನು ತೆಗೆದುಕೊಂಡರೆ ಎಲ್ಲ ಸರಿಯಾಗುತ್ತದೆ ಎಂದು ನಮ್ಮ ಕಟ್ಟಡದ ಸೊಸೈಟಿಯ ಸಭೆಯಲ್ಲಿ ವಾದವಾಯಿತು. ಯಾವ ದೇಶವಾದರೂ ಇದನ್ನು ಮಾಡಿದೆಯೇ?
(ಗೃಹಿಣಿ, ಮೀರಾ ರೋಡ್)

ಉತ್ತರ: ಮಾಡಿದೆ, ಜಾರ್ಜಿಯಾ. ಕಾಕಸಸ್ ಪರ್ವತದ ಬುಡದ ಆ ಪುಟ್ಟ ದೇಶ ಸೋವಿಯತ್ ಒಕ್ಕೂಟದ ತುಣುಕು. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ 2003ರ ಭ್ರಷ್ಟಾಚಾರ ಸೂಚ್ಯಂಕದ 133 ದೇಶಗಳಲ್ಲಿ ಅದು 124ನೆಯದು. ಅಲ್ಲಿನ ಸಂಚಾರ ಪೊಲೀಸರು ರಸ್ತೆಯಲ್ಲಿ ವಾಹನ ತಡೆದು ವಸೂಲಿ ಮಾಡಿ ಮೇಲಿನವರಿಗೆ ಪಾಲು ಕಳಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಸಂಬಳ ಹೊಟ್ಟೆಗೆ ಸಾಲುತ್ತಿರಲಿಲ್ಲ, ಹುದ್ದೆಯನ್ನೂ ಲಂಚ ಕೊಟ್ಟೇ ಕೊಂಡಿರುತ್ತಿದ್ದರು. 2003ರ ನವೆಂಬರಿನ ಗುಲಾಬಿ ಕ್ರಾಂತಿಯ ನಂತರ ಅಧಿಕಾರಕ್ಕೆ ಬಂದ ಮಿಖೈಲ್ ಸಾಕಶ್ವಿಲಿ ಸರ್ಕಾರ ಇಡೀ ಸಂಚಾರ ಪೊಲೀಸ್ ಪಡೆಯನ್ನು ವಿಸರ್ಜಿಸಿ, ಸಾವಿರಾರು ಜನರನ್ನು ಮನೆಗೆ ಕಳಿಸಿತು. ಹೊಸ ಗಸ್ತು ಪಡೆಗೆ ಹಲವು ಪಟ್ಟು ಸಂಬಳ, ಹೊಸ ಸಮವಸ್ತ್ರ, ಗಾಜಿನ ಗೋಡೆಯ ಠಾಣೆಗಳು. ಗಾಜು ಅಲಂಕಾರಕ್ಕಷ್ಟೇ ಅಲ್ಲ, ಒಳಗೆ ನಡೆಯುವುದು ಹೊರಗಿನವರಿಗೆ ಕಾಣಲೆಂದು. 2012ರ ಸೂಚ್ಯಂಕದಲ್ಲಿ ಆ ದೇಶ 51ನೆಯ ಸ್ಥಾನಕ್ಕೆ ಏರಿತ್ತು.

ನಿಮ್ಮ ಸೊಸೈಟಿಯ ಸಭೆಯಲ್ಲಿ ಎರಡು ವಿಷಯ ಸೇರಿಸಿ. ಒಂದು, ಮನೆಗೆ ಕಳಿಸಿದ್ದಷ್ಟೇ ಮದ್ದಾಗಿರಲಿಲ್ಲ. 21 ಬಗೆಯ ತೆರಿಗೆಗಳನ್ನು ಆರಕ್ಕೆ ಇಳಿಸಿದರು, ಹಲವಾರು ಪರವಾನಗಿಗಳನ್ನು ರದ್ದು ಮಾಡಿದರು, ಪಾಸ್‌ಪೋರ್ಟು, ಜನನ ಪ್ರಮಾಣಪತ್ರ, ಆಸ್ತಿ ದಾಖಲೆ ಎಲ್ಲವನ್ನೂ ಒಂದೇ ಸೂರಿನಡಿ ತಂದರು. ಮಾರಲು ಸರಕೇ ಇಲ್ಲದ ಮೇಲೆ ಅಂಗಡಿ ಯಾತಕ್ಕೆ? ಹೊಸಬರನ್ನು ತಂದು ಹಳೆಯ ಅರ್ಜಿ ನಮೂನೆಗಳನ್ನೇ ಅವರ ಮೇಜಿನ ಮೇಲಿಟ್ಟರೆ, ವರ್ಷ ಕಳೆಯುವುದರೊಳಗೆ ಹೊಸಬರೂ ಹಳಬರಾಗುತ್ತಾರೆ.

ಎರಡನೆಯದು ಕಹಿ. ಕೆಳಗಿನ ಮೇಜುಗಳ ಲಂಚ ಹೋಯಿತು, ಆದರೆ ನ್ಯಾಯಾಲಯಗಳು ಸರ್ಕಾರದ ಮುಷ್ಟಿಯಲ್ಲೇ ಉಳಿದವು. ಆರೋಪಿತ ಉದ್ಯಮಿಗಳಿಂದ ದೊಡ್ಡ ಮೊತ್ತ ಕಟ್ಟಿಸಿಕೊಂಡು ಬಿಡುವ ಪದ್ಧತಿ ಬೆಳೆಯಿತು. 2012ರ ಸೆಪ್ಟೆಂಬರಿನಲ್ಲಿ ಜೈಲಿನಲ್ಲಿ ಕೈದಿಗಳನ್ನು ಹಿಂಸಿಸುವ ವಿಡಿಯೋಗಳು ಹೊರಬಂದವು, ಮರುತಿಂಗಳ ಚುನಾವಣೆಯಲ್ಲಿ ಸಾಕಶ್ವಿಲಿ ಪಕ್ಷ ಸೋತಿತು. ಗೆದ್ದವರು ರಷ್ಯಾದಲ್ಲಿ ಹಣ ಮಾಡಿದ ಬಿದ್ಜಿನಾ ಇವಾನಿಶ್ವಿಲಿ. ದೇಶದ ಮೇಲಿನ ಅವರ ಹಿಡಿತ ಪ್ರಧಾನಿ ಹುದ್ದೆ ಬಿಟ್ಟ ಮೇಲೂ ಸಡಿಲವಾಗಿಲ್ಲ. ಚಿಲ್ಲರೆ ಲಂಚವನ್ನು ಒಬ್ಬ ಗಟ್ಟಿ ಆಳು ಐದು ವರ್ಷದಲ್ಲಿ ಗುಡಿಸಬಲ್ಲ. ಆ ಗಟ್ಟಿ ಆಳನ್ನೇ ಕೇಳಬಲ್ಲ ನ್ಯಾಯಾಧೀಶರನ್ನು ಅವನೇ ಬೆಳೆಸುವುದು ಅಪರೂಪ.

ಪ್ರಶ್ನೆ: ಎಲ್ಲವನ್ನೂ ಆನ್‌ಲೈನ್ ಮಾಡಿದರೆ ಮುಗಿಯಲಿಲ್ಲವೇ? ಎಸ್ಟೋನಿಯಾ ಹಾಗೆಯೇ ಮಾಡಿತಲ್ಲ?
(ಸಾಫ್ಟ್‌ವೇರ್ ಎಂಜಿನಿಯರ್, ಐರೋಲಿ)

ಉತ್ತರ: ಅರ್ಧ ಮುಗಿಯುತ್ತದೆ. ಎಸ್ಟೋನಿಯಾ 2001ರಲ್ಲಿ ಸರ್ಕಾರಿ ದತ್ತಾಂಶಗಳನ್ನೆಲ್ಲ ಬೆಸೆಯುವ ಎಕ್ಸ್-ರೋಡ್ ವ್ಯವಸ್ಥೆಯನ್ನು ಆರಂಭಿಸಿತು, 2005ರಲ್ಲಿ ಇಂಟರ್‌ನೆಟ್ ಮೂಲಕ ಮತದಾನವನ್ನೂ ತಂದಿತು. ಅರ್ಜಿ ಮತ್ತು ಅಧಿಕಾರಿ ಮುಖಾಮುಖಿಯಾಗದಿದ್ದರೆ ಚಾಯ್-ಪಾನಿಯ ಮಾತು ಎತ್ತುವುದು ಕಷ್ಟ. ಆದರೆ ಆ ದೇಶ 1992ರಲ್ಲೇ ತನ್ನ ನಾಣ್ಯವನ್ನು ಜರ್ಮನ್ ಮಾರ್ಕಿಗೆ ಬಿಗಿದು, 1994ರಲ್ಲಿ ಎಲ್ಲರಿಗೂ ಒಂದೇ ದರದ ಆದಾಯ ತೆರಿಗೆ ತಂದಿತ್ತು. ವಿನಾಯಿತಿಗಳೇ ಕಡಿಮೆಯಾದಾಗ ಅವನ್ನು ಮಾರುವವರೂ ಕಡಿಮೆ. ಕಂಪ್ಯೂಟರ್ ಬಂದದ್ದು ಆಮೇಲೆ. ಅದೇ ಎಸ್ಟೋನಿಯಾದಲ್ಲಿದ್ದ ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ಶಾಖೆಯ ಮೂಲಕ 2007ರಿಂದ 2015ರವರೆಗೆ ಸುಮಾರು 20,000 ಕೋಟಿ ಯೂರೋ, ಬಹುಪಾಲು ಶಂಕಾಸ್ಪದ ಹಣ, ಹಾದುಹೋಯಿತು. ನೆರೆಮನೆಯ ಕೊಳೆ ಅತಿ ಶುಭ್ರವಾದ ಅಂಗಳದಿಂದಲೂ ಹರಿಯಬಲ್ಲದು.

ಪ್ರಶ್ನೆ: ಮೊಮ್ಮಗನಿಗೆ ಇಲ್ಲಿ ಎಂಬಿಬಿಎಸ್ ಸೀಟು ಸಿಗಲಿಲ್ಲ. ಜಾರ್ಜಿಯಾದ ತ್ಬಿಲಿಸಿಗೆ ಕಳಿಸುವ ಯೋಚನೆ. ನಿಮ್ಮ ಬರಹ ಓದಿ ಹೆದರಿಕೆಯಾಗಿದೆ. ಅಲ್ಲಿ ಪರೀಕ್ಷೆಗೂ ದುಡ್ಡು ಕೊಡಬೇಕೇ?
(ಹಿರಿಯ ಓದುಗರು, ನೆರುಳ್)

ಉತ್ತರ: ಅಮ್ಮಾ, ಇಪ್ಪತ್ತೈದು ವರ್ಷದ ಹಿಂದೆ ನೀವು ಕೇಳಿದ್ದರೆ ಹೌದೆನ್ನುತ್ತಿದ್ದೆ. ಆಗ ಅಲ್ಲಿ ಒಂದೊಂದು ವಿಶ್ವವಿದ್ಯಾಲಯವೂ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು, ಸೀಟುಗಳಿಗೆ ಗುಟ್ಟಿನ ದರಪಟ್ಟಿ ಇತ್ತು. 2005ರಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ ತಂದರು. ಪ್ರಶ್ನೆಪತ್ರಿಕೆಗಳನ್ನು ಸ್ವದೇಶದಲ್ಲಿ ಮುದ್ರಿಸಿದರೆ ಸೋರುತ್ತವೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮುದ್ರಿಸಿ ತರಿಸಿದರು, ಪರೀಕ್ಷಾ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ಹೊರಗೆ ಕಾಯುವ ತಂದೆತಾಯಿಗಳಿಗೆ ತೋರಿಸಿದರು. ವಿದೇಶಿ ವಿದ್ಯಾರ್ಥಿಗಳಿಗೆ ಆ ಪರೀಕ್ಷೆ ಇಲ್ಲ. ಅವರ ಪ್ರವೇಶ ಹೆಚ್ಚಾಗಿ ಏಜೆಂಟರ ಮೂಲಕ ನಡೆಯುವುದರಿಂದ, ನಿಮ್ಮ ಎಚ್ಚರಿಕೆ ತ್ಬಿಲಿಸಿಗಿಂತ ಇಲ್ಲಿನ ಏಜೆಂಟರ ಕಚೇರಿಯಲ್ಲಿ ಹೆಚ್ಚು ಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳ ಪ್ರಕಾರ ಕೋರ್ಸು ಒಂದೇ ಸಂಸ್ಥೆಯಲ್ಲಿ ಕನಿಷ್ಠ 54 ತಿಂಗಳು ನಡೆಯಬೇಕು, ಇಂಗ್ಲಿಷಿನಲ್ಲಿ ಕಲಿಸಬೇಕು, ಅದರ ಮೇಲೆ ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಮತ್ತು ಆ ಪದವಿಯಿಂದ ಆ ದೇಶದಲ್ಲಿಯೇ ವೈದ್ಯನಾಗಿ ನೋಂದಣಿ ಪಡೆಯಲು ಸಾಧ್ಯವಿರಬೇಕು. ಮೊಮ್ಮಗ ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು. ಮರಳಿ ಬಂದ ಮೇಲೆ ಇಲ್ಲಿ ಇನ್ನೊಂದು ಪರೀಕ್ಷೆ ಇದೆ. ಅವಧಿ, ಇಂಗ್ಲಿಷ್ ಮಾಧ್ಯಮ, ಇಂಟರ್ನ್‌ಶಿಪ್, ನೋಂದಣಿ ಈ ನಾಲ್ಕೂ ಅಂಶಗಳನ್ನು ವಿಶ್ವವಿದ್ಯಾಲಯದಿಂದಲೇ, ಅದರ ಸ್ವಂತ ಕಾಗದದ ಮೇಲೆ, ಬರೆಸಿ ತರಿಸಿಕೊಳ್ಳಿ. ಆ ಪತ್ರ ಕೈಗೆ ಬರುವವರೆಗೆ ಏಜೆಂಟರಿಗೆ ಮುಂಗಡ ಕೊಡಬೇಡಿ.